ಮೂರು ಪ್ರಶ್ನೆ ಕೇಳಿ ಒಬ್ಬಳನ್ನು ಕೊಂದದ್ದು

ನಾನು ಕೊಂದ ಹುಡುಗಿಗೆ ಇಪ್ಪತ್ತು ವರ್ಷ ಇದ್ದಿರಬಹುದು. ಕಾಡಿನಲ್ಲಿ ದಾರಿ ಹುಡುಕುವುದು ಅವಳ ಕಸುಬು. ಬಾಣ ಚೆನ್ನಾಗಿ ಬಿಡುತ್ತಿದ್ದಳು. ಅವಳು ಬದುಕಿದ್ದದ್ದು ಒಂದು ಕಾಗದದ ಹಾಳೆಯ ಮೇಲೆ, ಪೆನ್ಸಿಲಿನಲ್ಲಿ ಬರೆದ ಹತ್ತು ಹನ್ನೆರಡು ಅಂಕೆಗಳಾಗಿ. ಹಾಗಾಗಿ ಪೊಲೀಸರು ಬರಲಿಲ್ಲ. ಡೊಂಬಿವಲಿಯ ಒಂದು ಫ್ಲಾಟಿನಲ್ಲಿ, ಭಾನುವಾರ ಮಧ್ಯಾಹ್ನ, ಊಟದ ಮೇಜಿನ ಮೇಲೆ ಕುರುಕಲು ತಿಂಡಿಯ ತಟ್ಟೆ ಇಟ್ಟುಕೊಂಡು, ಮೂರು ಜನರ ಕಣ್ಣೆದುರಿಗೆ ನಾನು ಅವಳನ್ನು ಕೊಂದೆ. ಕೊಂದಾದ ಮೇಲೆ ಒಂದು ಚಕ್ಕುಲಿ ತಿಂದೆ. ಅದನ್ನೂ ಬರೆಯಬೇಕು. ತಪ್ಪೊಪ್ಪಿಗೆಯಲ್ಲಿ ಚಕ್ಕುಲಿಯನ್ನು ಬಿಟ್ಟರೆ ಉಳಿದದ್ದನ್ನೂ ಒಂದೊಂದಾಗಿ ಬಿಡುವ ಮನಸ್ಸಾಗುತ್ತದೆ.

ನಾನು ಎಪ್ಪತ್ತು ದಾಟಿದವನು. ಉಡುಪಿ ಕಡೆಯಲ್ಲಿ ಎಸ್ಸೆಸ್ಸೆಲ್ಸಿ ಪಾಸು ಮಾಡಿ ಬಂದು ಠಾಣೆ ಸ್ಟೇಶನ್ನಿನ ಹತ್ತಿರ ಒಂದು ಹೋಟೆಲಿನ ಕೌಂಟರಿನಲ್ಲಿ ಕೂತೆ. ಕೂತಲ್ಲಿಯೇ ಕೂದಲು ಬೆಳ್ಳಗಾಯಿತು. ಮನೆ ಕೋಪರಿಯಲ್ಲಿ. ಎಲ್ಲರೂ ನನ್ನನ್ನು ಮ್ಯಾನೇಜರ್ ಎನ್ನುತ್ತಾರೆ. ನಿವೃತ್ತಿಯಾಗಿ ಎಷ್ಟೋ ವರ್ಷವಾದರೂ ಆ ಹೆಸರು ಬಿಟ್ಟಿಲ್ಲ, ನಾನೂ ಬಿಡಿಸಿಕೊಂಡಿಲ್ಲ.

ಡೊಂಬಿವಲಿಯ ಆ ಫ್ಲಾಟು ಮಾಷ್ಟ್ರದ್ದು. ಅವರು ಕನ್ನಡ ಶಾಲೆಯಲ್ಲಿ ಮಾಸ್ತರರಾಗಿದ್ದವರು, ನನಗಿಂತ ಎರಡು ವರ್ಷ ದೊಡ್ಡವರು. ಹೆಂಡತಿ ತೀರಿಕೊಂಡ ಮೇಲೆ ಕಿರಿಯ ಮಗನ ಸಂಸಾರದ ಜೊತೆ ಇದ್ದಾರೆ. ನಮ್ಮಿಬ್ಬರ ಪರಿಚಯ ತಾಳಮದ್ದಳೆಯಿಂದ ಆದದ್ದು. ವೇಷವಿಲ್ಲ, ಕುಣಿತವಿಲ್ಲ, ಭಾಗವತರು ಪದ್ಯ ಹೇಳುತ್ತಾರೆ, ಅರ್ಥಧಾರಿಗಳು ಶಾಲು ಹೊದ್ದು ಕುರ್ಚಿಯಲ್ಲಿ ಕೂತು ರಾಜನಾಗಿ, ರಾಕ್ಷಸನಾಗಿ, ದೇವರಾಗಿ ಅಲ್ಲಲ್ಲೇ ಹುಟ್ಟಿದ ಮಾತಿನಲ್ಲಿ ಜಗಳವಾಡುತ್ತಾರೆ. ನಮ್ಮ ಹವ್ಯಾಸಿ ತಂಡದಲ್ಲಿ ಮಾಷ್ಟ್ರಿಗೆ ಎದುರಿಲ್ಲ. ಮುಖ್ಯ ಪಾತ್ರ ಯಾವುದೋ ಅದು ಅವರದ್ದು. ಉಳಿದದ್ದು ನನಗೆ: ದೂತ, ದ್ವಾರಪಾಲಕ, ಸೋಲಲಿಕ್ಕೆಂದೇ ಹುಟ್ಟಿದ ಸಣ್ಣ ರಾಜ.

ಒಮ್ಮೆ ಡೊಂಬಿವಲಿಯ ಒಂದು ಸಭಾಭವನದಲ್ಲಿ ನಾನು ಅಂಥ ಸಣ್ಣ ರಾಜನಾಗಿ ಕೂತಿದ್ದೆ. ಮಾಷ್ಟ್ರು ಎದುರಿನ ಮಂತ್ರಿ. ನಡುವೆ ನಗುತ್ತ ಒಂದು ಪ್ರಶ್ನೆ ಕೇಳಿದರು: "ರಾಜಾ, ನಿನ್ನನ್ನು ರಾಜನೆಂದು ಕರೆಯುವವರು ಯಾರು? ಪ್ರಜೆಗಳೋ, ನೀನೋ?" ನನಗೆ ಉತ್ತರ ಬರಲಿಲ್ಲ. ಬಾಯಿ ತೆರೆದೆ, ಮುಚ್ಚಿದೆ. ಸಭೆಯಲ್ಲಿ ನಗು. ಮುಂದಿನ ಸಾಲಿನಲ್ಲಿ ಕೂತಿದ್ದ ನನ್ನ ಹೆಂಡತಿ ತನ್ನ ಕೈಚೀಲದಲ್ಲಿ ಏನನ್ನೋ ಹುಡುಕತೊಡಗಿದಳು. ಕೊನೆಗೆ ಭಾಗವತರೇ ಕನಿಕರಪಟ್ಟು ಮುಂದಿನ ಪದ್ಯ ಎತ್ತಿಕೊಂಡರು. ಆಮೇಲೆ ಚಾ ಕುಡಿಯುವಾಗ ಮಾಷ್ಟ್ರು ಯಾರಿಗೋ ಹೇಳುತ್ತಿದ್ದದ್ದು ನನ್ನ ಕಿವಿಗೆ ಬಿತ್ತು: "ಮ್ಯಾನೇಜರ್ ಬಿಲ್ ಮಾಡ್ಲಿಕ್ಕೆ ಸರಿ ಮಾರಾಯ್ರೆ, ಅರ್ಥ ಹೇಳ್ಲಿಕ್ಕೆ ಅಲ್ಲ." ಅವರು ಅದನ್ನು ಆ ಸಂಜೆಯೇ ಮರೆತಿರಬೇಕು. ನಾನು ಮೂವತ್ತು ವರ್ಷ ಉಪ್ಪು ಹಾಕಿ ಭರಣಿಯಲ್ಲಿ ಇಟ್ಟುಕೊಂಡೆ.

ಇನ್ನು ಆಟದ ವಿಷಯ. ಅದನ್ನು ತಂದದ್ದು ಮಾಷ್ಟ್ರ ಮೊಮ್ಮಗಳು, ಮಗಳ ಮಗಳು. ಐರೋಲಿಯಲ್ಲಿ ತಂದೆತಾಯಿಯ ಜೊತೆ ಇದ್ದಾಳೆ. ನವಿ ಮುಂಬೈಯ ಒಂದು ಆಸ್ಪತ್ರೆಯಲ್ಲಿ ಫಿಸಿಯೊಥೆರಪಿ ಕೆಲಸ, ಅಂದರೆ ನಮ್ಮಂಥವರ ಮಂಡಿ ಮಡಚಿಸಿ ಬಿಡಿಸುವುದು. ಅವಳಿಗೆ ಕನ್ನಡ ಅರ್ಥವಾಗುತ್ತದೆ, ಉತ್ತರ ಹಿಂದಿಯಲ್ಲಿ ಬರುತ್ತದೆ. ಮೊದಲು ತಿಂಗಳಿಗೊಮ್ಮೆ ಬಂದು, ಅಜ್ಜ ಮಾತಾಡುವಷ್ಟು ಹೊತ್ತು ಫೋನು ನೋಡುತ್ತ "ಹಾಂ ಅಜ್ಜ, ಹಾಂ" ಎಂದು ಹೋಗುತ್ತಿದ್ದಳು. ಒಂದು ದಿನ ಅವಳಿಗೇ ಬೇಸರ ಬಂದು, ಕಾಲೇಜಿನಲ್ಲಿ ಗೆಳತಿಯರ ಜೊತೆ ಆಡುತ್ತಿದ್ದ ಆಟವನ್ನು ಬ್ಯಾಗಿನಿಂದ ತೆಗೆದು ಮೇಜಿನ ಮೇಲಿಟ್ಟಳು.

"ಅಜ್ಜ, ತುಮ್ ಲೋಗ್ ತೋ ಯಹೀ ಕರ್ತೇ ಥೇ ನಾ? ಕುರ್ಸೀ ಪೆ ಬೈಠ್‌ಕೇ ರಾಜಾ ಬನ್ನಾ."

ಮಾತು ನಿಜ. ಇದೂ ಕುರ್ಚಿಯಲ್ಲಿ ಕೂತು ಬೇರೆಯವರಾಗುವುದೇ. ವ್ಯತ್ಯಾಸವೆಂದರೆ ನಮ್ಮಲ್ಲಿ ಯಾರು ಸಾಯಬೇಕೆಂದು ಪ್ರಸಂಗ ಬರೆದವನು ಮೊದಲೇ ಗೊತ್ತು ಮಾಡಿರುತ್ತಾನೆ. ಇದರಲ್ಲಿ ಇಪ್ಪತ್ತು ಮುಖದ ಒಂದು ದಾಳ ಗೊತ್ತು ಮಾಡುತ್ತದೆ. ಪ್ರತಿ ಪಾತ್ರದ ಬಲ, ಜೀವ ಎಲ್ಲ ಅವರವರ ಹಾಳೆಯ ಮೇಲೆ ಅಂಕೆಗಳಲ್ಲಿರುತ್ತದೆ. ಮಾಷ್ಟ್ರಿಗೆ ಆಟ ಹಿಡಿಸಿತು ಎನ್ನುವುದಕ್ಕಿಂತ ಮೊಮ್ಮಗಳು ಎದುರಿಗೆ ಕೂತದ್ದು ಹಿಡಿಸಿತು. ಅಲ್ಲಿಂದ ಅವಳು ಪ್ರತಿ ಭಾನುವಾರ ಬರತೊಡಗಿದಳು. ಐರೋಲಿಯಿಂದ ಠಾಣೆ, ಠಾಣೆಯಿಂದ ಸ್ಲೋ ಲೋಕಲ್‌ನಲ್ಲಿ ಡೊಂಬಿವಲಿ. ಬೇರೆ ದಿನ ಹತ್ತು ಸಲ ಕರೆದರೂ ಏಳದ ಹುಡುಗಿ ಭಾನುವಾರ ತಾನಾಗಿಯೇ ಏಳುತ್ತಾಳೆ ಎಂದು ಅವಳ ತಾಯಿ ಹೇಳಿದ್ದಳಂತೆ. ಮಾಷ್ಟ್ರು ಆ ಮಾತನ್ನು ನನಗೆ ಏಳೆಂಟು ಸಲವಾದರೂ ಹೇಳಿದ್ದಾರೆ. ಹನ್ನೊಂದು ಗಂಟೆಯಿಂದ ಬಾಲ್ಕನಿಯಲ್ಲಿ ನಿಂತು, ಬರುವ ಪ್ರತಿ ರಿಕ್ಷಾವನ್ನೂ ಬಗ್ಗಿ ನೋಡುತ್ತಿದ್ದರು. ಅವರಿಗೆ ಈ ಆಟದಿಂದ ಬಂದದ್ದು ಅದೊಂದೇ, ಆ ಭಾನುವಾರ. ನಾನು ಕಿತ್ತುಕೊಂಡದ್ದೂ ಅದನ್ನೇ.

ಆಟಕ್ಕೆ ಜನ ಬೇಕೆಂದು ನನ್ನನ್ನು ಕರೆದರು. ಕಲ್ಯಾಣಿನಿಂದ ಮುಕಾದಮರನ್ನೂ ಕರೆದರು. ಅವರು ವಿಜಯಪುರದ ಕಡೆಯವರು. ಕಟ್ಟಡದ ಸೈಟುಗಳಲ್ಲಿ ಕೂಲಿಯವರ ಮೇಲುಸ್ತುವಾರಿ ನೋಡುತ್ತ ಮುದುಕರಾದವರು. ಅವರ ಮಕ್ಕಳು ಮಾಷ್ಟ್ರ ಶಾಲೆಯಲ್ಲಿ ಓದಿದ್ದರು. ಆಟದಲ್ಲಿ ಮುಕಾದಮರು ಗದೆ ಹಿಡಿದ ಜಟ್ಟಿ, ಮಾಷ್ಟ್ರು ಗಾಯ ವಾಸಿ ಮಾಡುವ ವೈದ್ಯ ಸನ್ಯಾಸಿ. ಮೊಮ್ಮಗಳು ಕೆಲವು ತಿಂಗಳು ಆಟ ನಡೆಸಿದಳು. ಆಮೇಲೆ ತನಗೂ ಆಡಬೇಕೆನಿಸಿ, ನಡೆಸುವ ಕೆಲಸವನ್ನು ನನಗೆ ಕೊಟ್ಟು, ತಾನು ಆ ಬಿಲ್ಲಿನ ಹುಡುಗಿಯಾದಳು.

ಆಟ ನಡೆಸುವವನನ್ನು ಜಿಎಂ ಎನ್ನುತ್ತಾರೆ. ಕತೆ ಕಟ್ಟುವುದು, ರಾಕ್ಷಸರ ಪರವಾಗಿ ಆಡುವುದು, ನಿಯಮದ ತೀರ್ಪು ಕೊಡುವುದು ಅವನ ಕೆಲಸ. ನನ್ನ ಹೋಟೆಲಿನ ಲೆಕ್ಕದಲ್ಲಿ ಜಿಎಂ ಅಂದರೆ ಜನರಲ್ ಮ್ಯಾನೇಜರ್. ಹುಡುಗಿ "ಮ್ಯಾನೇಜರ್ ಅಜ್ಜ, ಆಜ್ ಸೇ ತುಮ್ ಜಿಎಂ" ಎಂದ ದಿನ ನನಗೆ ಬಡ್ತಿ ಸಿಕ್ಕಷ್ಟು ಸಂತೋಷವಾದದ್ದು ಸುಳ್ಳಲ್ಲ. ಕೋಪರಿಯ ಝೆರಾಕ್ಸ್ ಅಂಗಡಿಯಲ್ಲಿ ನಿಯಮದ ಪುಸ್ತಕವನ್ನು ಸ್ಪೈರಲ್ ಬೈಂಡಿಂಗ್ ಮಾಡಿಸಿಕೊಂಡು, ನಿಘಂಟು ಪಕ್ಕದಲ್ಲಿಟ್ಟು, ಪರೀಕ್ಷೆಗೆ ಓದಿದಂತೆ ಓದಿದೆ. ಎಸ್ಸೆಸ್ಸೆಲ್ಸಿಗೆ ಅಷ್ಟು ಓದಿದ್ದರೆ ಊರಲ್ಲೇ ಗುಮಾಸ್ತನಾಗಿರುತ್ತಿದ್ದೆ.

ಈಗ ಸ್ವಲ್ಪ ನಿಯಮ ಹೇಳಬೇಕು. ಆಟದಲ್ಲಿ ಪ್ರತಿಯೊಬ್ಬನಿಗೂ ಸರದಿ ಉಂಟು, ರಾಕ್ಷಸನಿಗೂ ಉಂಟು. ತನ್ನ ಸರದಿ ಬಂದಾಗ ಹೊಡೆಯಬಹುದು, ಓಡಬಹುದು, ಮದ್ದು ಕೊಡಬಹುದು. ಆದರೆ ಕೆಲವು ಮಂತ್ರಗಳು ಸರದಿಗೆ ಕಾಯುವುದಿಲ್ಲ. ಇಂಥದ್ದು ನಡೆದರೆ ಇದು ಹೊರಡಲಿ ಎಂದು ಮೊದಲೇ ಕಟ್ಟಿಟ್ಟುಕೊಂಡಿರಬೇಕು. ವೈದ್ಯನ ಹತ್ತಿರ ಅಂಥದ್ದೊಂದಿತ್ತು. ಜೊತೆಯವರು ಪೆಟ್ಟು ತಿಂದು ಜೀವ ಸೊನ್ನೆಗಿಳಿದರೆ ವೈದ್ಯ ಕೂಡಲೇ "ಈಗ" ಎನ್ನಬೇಕು. ಎಂದರೆ ಬಿದ್ದವರು ಎದ್ದರು. ಎನ್ನದೆ ಸರದಿ ಒಂದು ಸುತ್ತು ಬಂದರೆ ಮಂತ್ರವೂ ಹೋಯಿತು, ಬಿದ್ದವರೂ ಹೋದರು.

ಈ "ಕೂಡಲೇ" ಎಷ್ಟು ಹೊತ್ತು ಎಂಬುದರ ಮೇಲೆ ನಾವು ನಾಲ್ವರು ವಾರಗಟ್ಟಲೆ ಕಾದಾಡಿದ್ದೇವೆ. ಹೊರಗೆ ಜನ ಮಕ್ಕಳ ಮದುವೆ, ಮನೆಯ ರಿಪೇರಿ ಎಂದು ಒದ್ದಾಡುತ್ತಿರುವಾಗ ನಾವು ಮೂವರು ಮುದುಕರು, ಒಟ್ಟು ಇನ್ನೂರು ದಾಟಿದ ವಯಸ್ಸಿನವರು, ಇಲ್ಲದ ಮಂತ್ರ ಇಲ್ಲದ ಗಾಯಕ್ಕೆ ಯಾವ ಕ್ಷಣದಲ್ಲಿ ತಾಗುತ್ತದೆ ಎಂದು ಮೇಜು ಗುದ್ದುತ್ತಿದ್ದೆವು.

"ಪೆಟ್ಟು ಬೀಳುವ ಮೊದ್ಲೇ ಗುಣ ಆದ್ರೆ ಬಿದ್ದದ್ದು ಯಾರಿಗೆ? ಬಿದ್ದ ಮೇಲೆ ಗುಣ ಆದ್ರೆ ಬೀಳದ ಹಾಗೆ ಮಾಡಿದ್ದು ಎಲ್ಲಿ ಬಂತು?" ಎಂದು ಮಾಷ್ಟ್ರು.

"ಸೈಟಿನ್ಯಾಗ ಇದಕ್ಕ ಇಷ್ಟ ಮಾತಿಲ್ರಿ," ಎಂದು ಮುಕಾದಮರು. "ಹೆಲ್ಮೆಟ್ ಬ್ಯಾರೆ, ಪಟ್ಟಿ ಬ್ಯಾರೆ. ಹೆಲ್ಮೆಟ್ ಮೊದ್ಲ ಹಾಕ್ಕೋಬೇಕು, ಪಟ್ಟಿ ರಕ್ತ ಬಂದ ಮ್ಯಾಲ ಕಟ್ಟಬೇಕು. ನಿಮ್ಮ ಮಂತ್ರ ಪಟ್ಟಿ ಐತಿ. ಮುಗೀತ."

ಪುಸ್ತಕದಲ್ಲಿ ಇದಕ್ಕೊಂದು ವಾಕ್ಯ ಇತ್ತು. ಕೂಡಲೇ ಎಂದರೆ ಎಷ್ಟು ಎಂಬುದನ್ನು ಆಟ ನಡೆಸುವವನು ನಿಶ್ಚಯಿಸಬೇಕು. ಆಡಿದ ಮಾತಿಗೆ ಸಮಯ ಲೆಕ್ಕವಿಲ್ಲ. ಸಂಶಯವಿದ್ದರೆ ಬದುಕಿಸುವವನ ಕಡೆಗೇ ತೀರ್ಪು ಕೊಡಬೇಕು. ನಾನು ಅದರ ಕೆಳಗೆ ಕೆಂಪು ಪೆನ್ನಿನಲ್ಲಿ ಗೆರೆ ಎಳೆದಿದ್ದೆ. ಗೊತ್ತಿರಲಿಲ್ಲ ಎನ್ನುವ ದಾರಿಯನ್ನು ಆ ಗೆರೆ ನನಗೆ ಮುಚ್ಚಿಬಿಟ್ಟಿದೆ. ಅದರ ಪ್ರಕಾರ ಒಮ್ಮೆ ನಡೆದುಕೊಂಡೂ ಇದ್ದೆ. ಮುಕಾದಮರ ಜಟ್ಟಿಯ ಹತ್ತಿರವೂ ಇಂಥದ್ದೇ ಒಂದು ತಾಯಿತ ಇತ್ತು. ಜಟ್ಟಿಗೆ ಪೆಟ್ಟು ಬಿದ್ದಾಗ ಮುಕಾದಮರು ಸಂಡಾಸಿಗೆ ಹೋಗಿದ್ದರು. ಬಂದು, ಕೈ ಒರೆಸಿಕೊಂಡು, ಕೂತು, "ತಾಯಿತ ಹಚ್ರಿ" ಎಂದರು. ಹಚ್ಚಿದೆ. ಜಟ್ಟಿ ಎದ್ದ.

ಮಾಷ್ಟ್ರ ತೊಂದರೆ ಬೇರೆ. ತಾಳಮದ್ದಳೆಯಲ್ಲಿ ಬಾಣ ಬಿಟ್ಟ ಮೇಲೆ ಅದು ಎದುರಾಳಿಗೆ ತಾಗಬೇಕಾದರೆ ಅರ್ಧ ಗಂಟೆ ಬೇಕು. ಬಿಟ್ಟವನು ಯಾಕೆ ಬಿಟ್ಟೆ ಎಂದು ಹೇಳಬೇಕು, ಪೆಟ್ಟು ತಿನ್ನುವವನು ತನ್ನ ವಂಶದ ಕೀರ್ತಿ ಹೇಳಬೇಕು. ಅಷ್ಟು ಹೊತ್ತು ಬಾಣ ಗಾಳಿಯಲ್ಲಿ ಸುಮ್ಮನೆ ನಿಂತಿರುತ್ತದೆ. ನಮ್ಮ ಕರಾವಳಿಯ ಬಾಣಗಳಷ್ಟು ತಾಳ್ಮೆ ಇರುವ ಆಯುಧ ಬೇರೆ ಎಲ್ಲೂ ಇಲ್ಲ. ಸಾಯುವವನು ಬಿದ್ದ ಮೇಲೂ ಒಂದಷ್ಟು ಹೇಳಿಯೇ ಸಾಯುತ್ತಾನೆ. ನಲವತ್ತು ವರ್ಷ ಹೀಗೆ ಬದುಕಿದ ಮನುಷ್ಯನಿಗೆ ಮೊದಲು ಮಾತು, ಆಮೇಲೆ ಕೆಲಸ. ಅದು ಅವರ ರಕ್ತಕ್ಕೇ ಇಳಿದಿತ್ತು. ಇದು ನನ್ನಷ್ಟು ಚೆನ್ನಾಗಿ ಬೇರೆ ಯಾರಿಗೂ ಗೊತ್ತಿರಲಿಲ್ಲ.

ಆ ಭಾನುವಾರ ಆಟದಲ್ಲಿ ಮೂವರೂ ಒಂದು ಖಾಡಿಯ, ಅಂದರೆ ಸಮುದ್ರದ ಹಿನ್ನೀರಿನ, ಸೇತುವೆ ದಾಟುತ್ತಿದ್ದರು. ಸೇತುವೆ ಕಾಯಲು ನಾನು ಒಬ್ಬ ಮೊಸಳೆ ಮೋರೆಯ ರಾಕ್ಷಸನನ್ನು ಇಟ್ಟಿದ್ದೆ. ಅವನ ಸರದಿ ಬಂತು, ದಾಳ ಹಾಕಿದೆ, ಬಾಲದ ಪೆಟ್ಟು ಬಿಲ್ಲಿನ ಹುಡುಗಿಗೆ ಬಿತ್ತು. ಮೊಮ್ಮಗಳು ಹಾಳೆಯಲ್ಲಿ ಕಳೆದು ನೋಡಿ, "ಝೀರೋ" ಎಂದು ಅಜ್ಜನ ಮುಖ ನೋಡಿದಳು. ಎಲ್ಲರೂ ನೋಡಿದೆವು. ಒಂದು ಶಬ್ದ ಸಾಕಿತ್ತು.

ಮಾಷ್ಟ್ರು ಎದ್ದು ನಿಂತರು. ಕುರ್ಚಿಯ ಬೆನ್ನಿಗೆ ಹಾಕಿದ್ದ ಟವೆಲನ್ನು ಶಾಲಿನಂತೆ ಹೆಗಲಿಗೆ ಹಾಕಿಕೊಂಡರು. "ಎಲವೋ ರಾಕ್ಷಸಾ, ಬಿಲ್ಲು ಕೆಳಗಿಟ್ಟು ಸೇತುವೆಯ ಕಂಬಕ್ಕೆ ಕೈಮುಗಿಯುತ್ತಿದ್ದ ಕನ್ಯೆಯ ಮೇಲೆ ಬಾಲ ಬೀಸಿ ಪೌರುಷ ಮೆರೆದೆಯಾ?" ಎಂದು ಶುರು ಮಾಡಿದರು. ಅವಳು ಕಂಬಕ್ಕೆ ಕೈಮುಗಿದಿರಲೇ ಇಲ್ಲ. ಅದೆಲ್ಲ ಅವರಿಗೆ ಬೇಕಿರಲಿಲ್ಲ.

ಕೊನೆಗೆ "ಈಗ" ಎನ್ನುತ್ತಾರೆಂದು ನನಗೆ ಗೊತ್ತಿತ್ತು. ಮಾತನ್ನು ಏರಿಸಿ ಏರಿಸಿ, ಶಿಖರದಲ್ಲಿ ಆ ಒಂದು ಶಬ್ದವನ್ನು ಕಳಶದಂತೆ ಇಡುತ್ತಾರೆ. ನಾನು ಸುಮ್ಮನಿದ್ದರೆ ಎರಡು ನಿಮಿಷದಲ್ಲಿ ಇಡುತ್ತಿದ್ದರು. ನಾನು ಸುಮ್ಮನಿರಲಿಲ್ಲ. ರಾಕ್ಷಸನ ಗಂಟಲು ಮಾಡಿ ಕೇಳಿದೆ: "ಎಲೈ ವೈದ್ಯನೇ, ಆಯುಸ್ಸು ಮುಗಿದವರನ್ನು ಎಬ್ಬಿಸುವ ಅಧಿಕಾರವನ್ನು ನಿನಗೆ ಕೊಟ್ಟವರು ಯಾರು?"

ಮಾಷ್ಟ್ರ ಮುಖ ಅರಳಿತು. ಮೂವತ್ತು ವರ್ಷದಲ್ಲಿ ಮೊದಲ ಸಲ ನಾನು ಅವರಿಗೊಂದು ಯೋಗ್ಯ ಪ್ರಶ್ನೆ ಹಾಕಿದ್ದೆ. ಆ ಕಣ್ಣಿನಲ್ಲಿ ನನ್ನ ಮೇಲೆ ಪ್ರೀತಿ ಇತ್ತು, ಅದನ್ನು ನಾನು ಕಂಡೆ. ಕಂಡೂ ಕೈಗಡಿಯಾರ ನೋಡಿಕೊಂಡೆ.

ಅವರು ಅಧಿಕಾರದ ಮೇಲೆ ನಾಲ್ಕು ನಿಮಿಷ ಮಾತಾಡಿದರು. ಇಳಿಯುವ ಹೊತ್ತಿಗೆ ಎರಡನೆಯದು ಹಾಕಿದೆ: "ಬದುಕಿಸುವುದೇ ನಿನ್ನ ಧರ್ಮವಾದರೆ ನನ್ನ ಮೈಯ ಗಾಯಕ್ಕೆ ಮದ್ದು ಯಾಕಿಲ್ಲ?" ಅದಕ್ಕೆ ಐದು ನಿಮಿಷ.

"ಅಜ್ಜ, ಪೆಹ್ಲೇ ಹೀಲ್ ಕರೋ ನಾ," ಎಂದಳು ಮೊಮ್ಮಗಳು. ಮೊದಲು ಗುಣ ಮಾಡು ಎಂದು.

"ತಡಿ ಮಗಾ," ಎಂದು ಅಜ್ಜ ಅಂಗೈ ತೋರಿಸಿದರು.

"ಮಾಸ್ತರ್ರ, ಹುಡುಗಿ ರಕ್ತ ಸುರೀತೈತಿ, ನೀವು ಮ್ಯಾಲ ಭಾಷಣ ಸುರಿಸಾಕ ಹತ್ತೀರಿ," ಎಂದರು ಮುಕಾದಮರು. ಮಾಷ್ಟ್ರಿಗೆ ಅದೂ ಕೇಳಿಸಲಿಲ್ಲ.

ಮೂರನೆಯ ಪ್ರಶ್ನೆಯನ್ನು ನೆನೆದರೆ ಈಗ ಮೈ ಮುದುಡುತ್ತದೆ. "ಹಾಗಾದರೆ ಈ ಗಳಿಗೆಯಲ್ಲಿ ನೀನು ಮಾಡುತ್ತಿರುವುದು ವೈದ್ಯವೋ, ವಾದವೋ?" ಅವರು ನಕ್ಕರು. ವಾದವೂ ಒಂದು ವೈದ್ಯವೇ ಎಂದು ಸಾಧಿಸಿದರು. ಬಹಳ ಚೆನ್ನಾಗಿ ಸಾಧಿಸಿದರು, ಅಷ್ಟು ಚೆನ್ನಾಗಿ ಅವರು ಸಭೆಯಲ್ಲಿಯೂ ಮಾತಾಡಿದ್ದನ್ನು ನಾನು ಕೇಳಿಲ್ಲ. ಕೊನೆಗೆ ಬಲಗೈ ಎತ್ತಿ, "ಈಗ" ಎಂದರು.

"ತಡವಾಯ್ತು ಮಾಷ್ಟ್ರೆ," ಎಂದೆ. "ನೀವು ಮಾತಾಡುವಾಗ ಸರದಿ ಒಂದು ಸುತ್ತು ಬಂತು. ಹುಡುಗಿ ಹೋದ್ಲು."

ಮೊದಲು ಬಾಯಿ ಬಿಟ್ಟದ್ದು ಮುಕಾದಮರು. "ಇದೆಂಥಾ ನ್ಯಾಯರಿ? ನಾ ಸಂಡಾಸಕ್ಕ ಹೋಗಿ ಬಂದ ಮ್ಯಾಲೂ ನಂದು ನಡೀತು. ಇವ್ರು ಇಲ್ಲೇ ನಿಂತಾರ, ಇವ್ರದ್ಯಾಕ ನಡ್ಯಾಂಗಿಲ್ಲ?"

"ಅದು ತಾಯಿತ, ಇದು ಮಂತ್ರ. ನಿಯಮ ಬೇರೆ," ಎಂದೆ. ಬೇರೆ ಇರಲಿಲ್ಲ. ಪುಸ್ತಕದ ಮೇಲೆ ಕೈ ಇಟ್ಟುಕೊಂಡು ಹೇಳಿದೆ, ಕೋರ್ಟಿನಲ್ಲಿ ಪ್ರಮಾಣ ಮಾಡಿದ ಹಾಗೆ.

ಮೊಮ್ಮಗಳು ನನ್ನ ಕಡೆ ನೋಡಲೇ ಇಲ್ಲ. ಅಜ್ಜನನ್ನೇ ನೋಡುತ್ತಿದ್ದಳು. ಅಜ್ಜ ಟವೆಲನ್ನು ಹೆಗಲಿನಿಂದ ತೆಗೆದು ಮಡಚಿದರು. "ತೀರ್ಪು ಅಂದ್ರೆ ತೀರ್ಪು," ಎಂದರು. ಸೋತರೆ ಒಪ್ಪಿಕೊಳ್ಳಬೇಕು, ಅದು ಅರ್ಥಧಾರಿಯ ಮರ್ಯಾದೆ ಎಂದು ಅವರು ಎಷ್ಟೋ ಸಲ ಹೇಳಿದ್ದುಂಟು.

"ತುಮ್ಹೇ ಬೋಲ್ನಾ ಥಾ, ಬೋಲ್ ಲಿಯಾ," ಎಂದಳು ಅವಳು, ಜಗಳದ ದನಿಯೇ ಇಲ್ಲದೆ. ನಿನಗೆ ಮಾತಾಡಬೇಕಿತ್ತು, ಆಡಿದೆ. ಹಾಳೆಯನ್ನೂ ದಾಳಗಳನ್ನೂ ಬ್ಯಾಗಿಗೆ ಹಾಕಿಕೊಂಡು, ಚಾ ಕುಡಿಯದೆ, ಟ್ರೇನಿಗೆ ಹೊತ್ತಾಯಿತೆಂದು ಹೊರಟಳು. ಚಕ್ಕುಲಿ ತಿಂದದ್ದು ಆಗ.

ಮುಂದಿನ ಭಾನುವಾರ ಅವಳಿಗೆ ಡ್ಯೂಟಿ. ಅದರ ಮುಂದಿನದಕ್ಕೂ ಡ್ಯೂಟಿ. ಆಮೇಲೆ ಮೆಸೇಜೂ ಬರಲಿಲ್ಲ. ನಾವು ಮೂವರು ಮುದುಕರು ಎರಡು ಸಲ ಆಡಲು ನೋಡಿದೆವು. ಮಾಷ್ಟ್ರು ಬಾಲ್ಕನಿಯಿಂದ ಒಳಗೇ ಬರಲಿಲ್ಲ. ಮುಕಾದಮರು ತಟ್ಟೆಯಲ್ಲಿದ್ದದ್ದು ಮುಗಿಸಿ ಕಲ್ಯಾಣಿಗೆ ಹೋದರು. ಆಟ ನಿಂತಿತು.

ಆ ಮೊದಲ ತಿಂಗಳು ನನಗೆ ಸುಖವಾಗಿತ್ತು ಎಂದು ಒಪ್ಪಿಕೊಳ್ಳದಿದ್ದರೆ ಈ ಬರೆಹಕ್ಕೆ ಅರ್ಥವಿಲ್ಲ. ಮಾಷ್ಟ್ರು ಫೋನು ಮಾಡಿ, "ಮ್ಯಾನೇಜರ್ರೆ, ನಾನು ಮಾತು ಜಾಸ್ತಿ ಆಡ್ತೇನಾ?" ಎಂದು ಕೇಳಿದಾಗ ನಾನು ಸ್ವಲ್ಪ ಹೊತ್ತು ಬಿಟ್ಟು, "ಎಲ್ಲರೂ ಹಾಗೇ ಹೇಳ್ತಾರಪ್ಪ, ನಾನಂತೂ ಹೇಳುವುದಿಲ್ಲ," ಎಂದೆ. ಆ ಸ್ವಲ್ಪ ಹೊತ್ತನ್ನು ಎಷ್ಟು ಬಿಡಬೇಕೆಂದು ನಾನು ಲೆಕ್ಕ ಹಾಕಿಯೇ ಬಿಟ್ಟದ್ದು.

"ಒಂದು ಶಬ್ದ ಹೇಳ್ಬೇಕಿತ್ತು ಮಾರಾಯ್ರೆ," ಎಂದರು. "ಮಗು ಬಾಯಿಬಿಟ್ಟು ಕೇಳಿತು. ನಾನು ಕೈ ತೋರಿಸಿದೆ."

ಫೋನಿಟ್ಟ ಮೇಲೆ ಹೆಂಡತಿ ಕೇಳಿದಳು, "ಎಂತ ನಗುವುದು ಒಬ್ರೇ?" ಏನಿಲ್ಲ ಎಂದೆ.

ಸುಖ ಮುರಿದದ್ದು ಸಭೆಯಲ್ಲಿ. ನಮ್ಮ ತಂಡದ ವಾರ್ಷಿಕ ತಾಳಮದ್ದಳೆ ಬಂತು. ಮಾಷ್ಟ್ರದ್ದು ಎಂದಿನಂತೆ ಮುಖ್ಯ ಪಾತ್ರ, ನಾನು ಎದುರಿನ ಸಣ್ಣ ರಾಜ. ಭಾಗವತರು ಪದ್ಯ ಮುಗಿಸಿದರು. ಮಾಷ್ಟ್ರು ನಾಲ್ಕು ವಾಕ್ಯ ಹೇಳಿ ನಿಲ್ಲಿಸಿದರು. ಮರೆತಿರಬೇಕೆಂದು ಭಾಗವತರು ಪದ್ಯದ ಕೊನೆಯ ಸಾಲನ್ನು ಮತ್ತೊಮ್ಮೆ ಹಾಡಿಕೊಟ್ಟರು. ಮಾಷ್ಟ್ರು ಇನ್ನೆರಡು ವಾಕ್ಯ ಹೇಳಿದರು. ನಾನು ಕೇಳಿದ್ದಕ್ಕೆಲ್ಲ "ಹೌದು", "ಇರಬಹುದು". ನಾನು ಗೆದ್ದೆ. ಜೀವಮಾನದಲ್ಲಿ ಒಮ್ಮೆ ಮಾಷ್ಟ್ರ ಎದುರು ಗೆದ್ದೆ, ಸಭೆಯಲ್ಲಿ ಒಬ್ಬರೂ ಕೈ ತಟ್ಟಲಿಲ್ಲ. ಎಲ್ಲರೂ ಮಾಷ್ಟ್ರ ಆರೋಗ್ಯ ವಿಚಾರಿಸಲು ಎದ್ದು ಹೋದರು. ನನ್ನ ಹತ್ತಿರ ಉಳಿದದ್ದು, ಕೇಳಲು ಬಂದಿದ್ದ ಮುಕಾದಮರೊಬ್ಬರೇ.

"ಮ್ಯಾನೇಜರ್ರ," ಎಂದರು. "ಹಾವು ಕಡಿದಂಗ ಕೂತಾರ ನೋಡ್ರಿ ಮಾಸ್ತರ್ರು. ಕಡಿದದ್ದು ಯಾರು ಅಂತ ನೀವು ಹೇಳ್ತೀರೋ, ನಾ ಹೇಳ್ಲೋ?"

ಮಂಗಳವಾರ ಬೆಳಿಗ್ಗೆ, ಸ್ಪೈರಲ್ ಬೈಂಡಿಂಗಿನ ಪುಸ್ತಕವನ್ನು ಚೀಲದಲ್ಲಿ ಹಾಕಿಕೊಂಡು ಡೊಂಬಿವಲಿಗೆ ಹೋದೆ. ಮಾಷ್ಟ್ರು ಒಣಗಿದ ಬಟ್ಟೆ ಮಡಚುತ್ತಿದ್ದರು. ಕೂತೆ. ಕೆಂಪು ಗೆರೆಯ ವಾಕ್ಯವನ್ನು ಓದಿದೆ, ಕನ್ನಡದಲ್ಲಿ ಹೇಳಿದೆ. ಆ ಗೆರೆ ಯಾವಾಗ ಎಳೆದದ್ದೆಂದೂ ಹೇಳಿದೆ. ಮೂರು ಪ್ರಶ್ನೆಯನ್ನು ಯಾಕೆ ಕೇಳಿದೆ, ಗಡಿಯಾರ ಯಾಕೆ ನೋಡಿದೆ, ಎಲ್ಲ. ಬಿಲ್ಲಿನ ಮಾತನ್ನೂ ಹೇಳಿದೆ.

"ಯಾವ ಬಿಲ್ಲು?" ಎಂದರು.

"ಹೋಟೆಲ್ ಬಿಲ್ಲು. ನಾನು ಬಿಲ್ ಮಾಡ್ಲಿಕ್ಕೆ ಮಾತ್ರ ಸರಿ ಅಂತ ನೀವು ಹೇಳಿದ್ದು."

ಅವರಿಗೆ ನೆನಪೇ ಇರಲಿಲ್ಲ. ನನ್ನ ಮೂವತ್ತು ವರ್ಷದ ಉಪ್ಪಿನಕಾಯಿಯ ಮರ್ಯಾದೆ ಅಷ್ಟು.

ಅವರು ಬೈಯಲಿಲ್ಲ. ಆ ವಾಕ್ಯವನ್ನು ಇನ್ನೊಮ್ಮೆ ಓದಿಸಿದರು. ಫೋನು ತೆಗೆದು ಮೊಮ್ಮಗಳಿಗೆ ಹಚ್ಚಿ, ಸ್ಪೀಕರಿಗೆ ಹಾಕಿ ನನ್ನ ಮುಂದೆ ಇಟ್ಟರು. "ಅವಳಿಗೆ ಹೇಳಿ."

ಅವಳು ಆಸ್ಪತ್ರೆಯಲ್ಲಿದ್ದಳು. ನನ್ನ ಹೋಟೆಲಿನ ಹಿಂದಿಯಲ್ಲಿ ಹೇಳಿದೆ. ಆ ಹಿಂದಿ ಇಡ್ಲಿ ಖಾಲಿಯಾಗಿದೆ ಎನ್ನುವುದಕ್ಕೆ ಸಾಕಾಗುತ್ತಿತ್ತು, ಇದಕ್ಕೆ ಸಾಕಾಗಲಿಲ್ಲ. ಆದರೂ ಮುಗಿಸಿದೆ.

"ಪತಾ ಥಾ," ಎಂದಳು. ಗೊತ್ತಿತ್ತಂತೆ. ಪುಸ್ತಕ ಕೊಟ್ಟವಳೇ ಅವಳಲ್ಲವೇ. ನಾನು ತೀರ್ಪು ಹೇಳಿದ ಕೂಡಲೇ ಸುಳ್ಳೆಂದು ಗೊತ್ತಾಗಿತ್ತಂತೆ.

"ಗೊತ್ತಿದ್ರೆ ಹೇಳ್ಬಾರ್ದಾ ಮಗಾ?" ಎಂದರು ಮಾಷ್ಟ್ರು.

"ಮೈ ಕ್ಯೂಂ ಬೋಲೂಂ?" ನಾನ್ಯಾಕೆ ಹೇಳಲಿ ಎಂದು ಈಗ ಅವಳ ದನಿ ಏರಿತು. "ತುಮ್ ರಿಕ್ಷಾವಾಲೇ ಸೇ ಲಡ್ತೇ ಹೋ. ಸೊಸೈಟಿ ಕೇ ಸೆಕ್ರೆಟರಿ ಸೇ ಲಡ್ತೇ ಹೋ. ಟಿವಿ ಸೇ ಲಡ್ತೇ ಹೋ, ಅಜ್ಜ. ಮೇರೇ ಲಿಯೇ ಏಕ್ ಲೈನ್ ಭೀ ನಹೀಂ ಲಡೇ."

ಮಂತ್ರಕ್ಕೆ ತಡವಾದದ್ದು ಅವಳ ಸಿಟ್ಟಿಗೆ ಕಾರಣವೇ ಆಗಿರಲಿಲ್ಲ. ರಿಕ್ಷಾದವನ ಜೊತೆ, ಸೆಕ್ರೆಟರಿಯ ಜೊತೆ, ಟಿವಿಯ ಜೊತೆಗೂ ಜಗಳವಾಡುವ ಅಜ್ಜ ತನಗೋಸ್ಕರ ಒಂದು ಸಾಲೂ ವಾದಿಸಲಿಲ್ಲ, ಟವೆಲ್ ಮಡಚಿದ. ಅದಕ್ಕೆ. ತೀರ್ಪು ಒಪ್ಪಿಕೊಳ್ಳುವ ಅರ್ಥಧಾರಿಯ ಮರ್ಯಾದೆ ಅವಳಿಗೆ ಹಾಗೆ ಕಂಡಿತ್ತು.

ಮಾಷ್ಟ್ರು ಕೈಯಲ್ಲಿದ್ದ ಪಂಚೆಯನ್ನು ಬದಿಗಿಟ್ಟರು. ಗಂಟಲು ಸರಿಮಾಡಿಕೊಂಡರು. "ನೀನು ಕೇಳ್ತಾ ಇರು," ಎಂದು ಫೋನಿಗೆ ಹೇಳಿ ನನ್ನ ಕಡೆ ತಿರುಗಿದರು.

"ಪೇಶಂಟ್ ಹೈ," ಎಂದಳು. "ಪರ್ ತುಮ್ ಬೋಲೋ. ಮೈ ಫೋನ್ ಚಾಲೂ ರಖ್ತೀ ಹೂಂ." ಎದುರಿಗೆ ಪೇಶಂಟ್ ಇದ್ದರೂ ಫೋನು ಇಡುವುದಿಲ್ಲವಂತೆ.

"ಮ್ಯಾನೇಜರ್ರೆ, ಮಾತಿಗೆ ಸಮಯ ಬೀಳ್ತದೆ ಅಂತ ನಿಮ್ಮ ತೀರ್ಪು. ಒಪ್ಪಿದೆ. ಆ ಹೊತ್ತಿನಲ್ಲಿ ನಾನೊಬ್ನೇ ಮಾತಾಡಿದ್ದಾ? ನಿಮ್ಮ ರಾಕ್ಷಸ ಮೂರು ಪ್ರಶ್ನೆ ಕೇಳಿದ. ಕೇಳಿದವ ಉತ್ತರಕ್ಕೆ ಕಾದ. ಕಾಯುತ್ತಾ ನಿಂತವನ ಸರದಿ ಹೇಗೆ ಮುಗೀತು? ಅವನ ಸರದಿ ಮುಗಿಯದೆ ಸುತ್ತು ಹೇಗೆ ಬಂತು? ನನ್ನ ಮಾತಿಗೆ ಗಡಿಯಾರ ಓಡ್ತದೆ, ನಿಮ್ಮ ಮಾತಿಗೆ ಗಡಿಯಾರ ನಿಲ್ತದೆ ಅಂತಾದ್ರೆ ಆ ಗಡಿಯಾರ ರಾಕ್ಷಸನದ್ದಾ, ನಿಮ್ಮದಾ?"

ನನಗೆ ಉತ್ತರ ಬರಲಿಲ್ಲ. ಬಾಯಿ ತೆರೆದೆ, ಮುಚ್ಚಿದೆ. ಈ ಸಲ ಪದ್ಯ ಎತ್ತಿಕೊಂಡು ಕಾಪಾಡಲು ಭಾಗವತರೂ ಇರಲಿಲ್ಲ. ಮಾಷ್ಟ್ರು ಮುಂದುವರಿದರು. ಸಂಡಾಸು ಬಂತು, ತಾಯಿತ ಬಂತು, ಮುಕಾದಮರ ಹೆಲ್ಮೆಟ್ಟೂ ಪಟ್ಟಿಯೂ ಬಂದವು, ಪುಸ್ತಕದ ಮೇಲೆ ಇಟ್ಟ ನನ್ನ ಕೈ ಬಂತು. ಮಂಗಳವಾರ ಬೆಳಿಗ್ಗೆ ಹತ್ತೂವರೆಗೆ, ಇಲ್ಲದ ಒಬ್ಬ ಹುಡುಗಿಯ ಪರವಾಗಿ, ಒಬ್ಬನೇ ಕೇಳುಗನಿರುವ ಸಭೆಯಲ್ಲಿ ಅವರು ಮುಕ್ಕಾಲು ಗಂಟೆ ವಾದಿಸಿದರು. ನಡುನಡುವೆ ಫೋನಿನಿಂದ ಅವಳ ದನಿ ಬರುತ್ತಿತ್ತು, ನಮಗಲ್ಲ, ಎದುರಿನ ಪೇಶಂಟಿಗೆ: "ಘುಟ್ನಾ ಮೋಡೋ ಕಾಕಾ. ಔರ್ ಥೋಡಾ." ಮಂಡಿ ಮಡಚಿ, ಇನ್ನೂ ಸ್ವಲ್ಪ. ಮಾಷ್ಟ್ರ ಮಾತಿನ ತಾಳಕ್ಕೆ ಅದು ಚೆಂಡೆಯ ಪೆಟ್ಟಿನಂತೆ ಬೀಳುತ್ತಿತ್ತು. ಅವಳು ಫೋನು ಕಡಿಯಲಿಲ್ಲ.

ಕೊನೆಗೆ ಮಾಷ್ಟ್ರು ನಿಲ್ಲಿಸಿ ನೀರು ಕುಡಿದರು. ಅತ್ತ ಕಡೆ ಅವಳು ಪೇಶಂಟನ್ನು ಕಳಿಸಿದ ಸದ್ದಾಯಿತು. ಆಮೇಲೆ, "ಸಂಡೇ ಆತೀ ಹೂಂ. ಮುಕಾದಮ್ ಅಜ್ಜ ಕೋ ಜಿಎಂ ಬನಾವೋ." ಭಾನುವಾರ ಬರುತ್ತಾಳಂತೆ, ಆಟ ಮಾತ್ರ ಮುಕಾದಮರು ನಡೆಸಬೇಕಂತೆ.

"ಅವರಿಗೆ ಇಂಗ್ಲಿಷು ಓದ್ಲಿಕ್ಕೆ ಬರುವುದಿಲ್ಲ ಮಗಾ," ಎಂದರು ಮಾಷ್ಟ್ರು.

"ಅಚ್ಛಾ ಹೈ," ಎಂದಳು. ಒಳ್ಳೆಯದೇ ಆಯಿತಂತೆ.

ಮಾಷ್ಟ್ರು ಲಿಫ್ಟಿನವರೆಗೆ ಬಂದರು. ನಾನು ಯಾವ ಪಾತ್ರವಾದರೂ ಆಗುತ್ತೇನೆ, ಮಾತಿಲ್ಲದ್ದಾದರೂ ಸರಿ, ಅವರ ಸಾಮಾನು ಹೊರುವ ಹೇಸರಗತ್ತೆಯಾದರೂ ಸರಿ ಎಂದೆ. ಅವರು ಲಿಫ್ಟಿನ ಗುಂಡಿ ಒತ್ತಿದರು.

"ಭಾನುವಾರ ಬೇಡ ಮಾರಾಯ್ರೆ. ನೀವು ಸೋಮವಾರ ಬನ್ನಿ. ಚಾ ಕುಡಿಯುವ."

ಸೋಮವಾರ ಹೋಗುತ್ತೇನೆ. ಚಾ ಕೊಡುತ್ತಾರೆ, ಊರ ಸುದ್ದಿ ಹೇಳುತ್ತಾರೆ, ಹಿಂದಿನಷ್ಟೇ ಉದ್ದಕ್ಕೆ. ಹಿಂದಿನ ದಿನದ ಆಟದ ಬಗ್ಗೆ ಒಂದು ಮಾತಿಲ್ಲ. ಬಿಲ್ಲಿನ ಹುಡುಗಿ ಎದ್ದಳೋ, ಅಲ್ಲೇ ಸತ್ತಳೋ, ಮೊಮ್ಮಗಳು ಹೊಸ ಹಾಳೆ ಬರೆದುಕೊಂಡಳೋ, ನನಗೆ ತಿಳಿಯದು. ಒಮ್ಮೆ ತಡೆಯಲಾರದೆ ಕೇಳಿದೆ. "ಅದು ನಿಮಗೆ ಯಾಕೆ ಮಾರಾಯ್ರೆ?" ಎಂದು ಬಿಸ್ಕತ್ತಿನ ತಟ್ಟೆಯನ್ನು ನನ್ನ ಕಡೆ ಸರಿಸಿದರು. ಮುಕಾದಮರಿಗೆ ಫೋನು ಮಾಡಿದೆ. ಅವರು ಬಹಳ ಹೊತ್ತು ನಕ್ಕು, "ಅದೊಂದ ಹೇಳಬ್ಯಾಡ ಅಂತ ಹುಡುಗಿ ಆಣಿ ಹಾಕ್ಯಾಳ್ರಿ" ಎಂದರು.